ಮಾರಿದ ಮನೆಯನ್ನು ಬಿಟ್ಟುಕೊಡುವ ಮುನ್ನ

(ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಅನುಭವದ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ, “ನನಗೆ ಅಂಥಾ ಅನುಭವ ಏನಿದೆ?” ಎಂದು ನಾನೇ ಅವರನ್ನು ಕೇಳಿದ್ದೆ. ಎಂ.ಟೆಕ್. ಓದಿ, ಐರೋಲಿಯ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು ನಾನು. “ಹೋದ ವರ್ಷ ಡೊಂಬಿವಲಿ ಮನೆ ಮಾರಿದಿರಲ್ಲ, ಅದನ್ನೇ ಹೇಳಿ” ಎಂದರು ಅವರು. ನಮ್ಮ ಸಭೆಗಳಲ್ಲಿ ಗೃಹಪ್ರವೇಶದ ಮಾತು ಬಹಳ ಬರುತ್ತದೆ. ಯಾವ ಟೈಲ್ಸ್, ಯಾವ ಮಾಡ್ಯುಲರ್ ಕಿಚನ್, ಹಾಲುಕ್ಕಿಸಿದ ದಿನ ಎಷ್ಟು ಜನ ಬಂದಿದ್ದರು, ಎಲ್ಲ. ಆದರೆ ಮಾರಿದ ಮನೆಯಿಂದ ಹೇಗೆ ಹೊರಗೆ ಬರಬೇಕು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ಹಿರಿಯರು. ಮನೆ ಬಿಟ್ಟು ನೋಡು ಎಂದು ನಾನು ಅದಕ್ಕೆ ಸೇರಿಸುತ್ತೇನೆ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಎರಡು ಕೋಣೆ, ಒಂದು ಅಡುಗೆಮನೆ, ಲಿಫ್ಟ್ ಇಲ್ಲ. ಅಪ್ಪಾಜಿ ಧಾರವಾಡದ ಕಡೆಯಿಂದ ಬ್ಯಾಂಕ್ ಕೆಲಸಕ್ಕೆಂದು ಮುಂಬಯಿಗೆ ಬಂದವರು. 1991ರಲ್ಲಿ ಸಾಲ ಮಾಡಿ ಆ ಮನೆ ಕೊಂಡರು. ಆಗ ನನಗೆ ಮೂರು ವರ್ಷ. ನಾನು ಓದಿದ್ದು, ನನ್ನ ತಮ್ಮ ಹುಟ್ಟಿದ್ದು, ನನ್ನ ಮದುವೆಯ ಮಾತುಕತೆ ನಡೆದದ್ದು, ಎಲ್ಲ ಅಲ್ಲೇ. 2021ರಲ್ಲಿ ಅಪ್ಪಾಜಿ ಹೋದರು. ಅವ್ವ ಮೂರು ವರ್ಷ ಒಬ್ಬಳೇ ಇದ್ದಳು. ಮೊಣಕಾಲು ನೋವು ಹೆಚ್ಚಾಗಿ, ಒಮ್ಮೆ ಮೆಟ್ಟಿಲು ಇಳಿದರೆ ಮತ್ತೆ ಹತ್ತಲು ಹತ್ತು ನಿಮಿಷ ಬೇಕಾದಾಗ, ಮನೆ ಮಾರಿ ನಮ್ಮ ಜೊತೆ ಬರಲು ಅವಳೇ ಒಪ್ಪಿದಳು.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಆದರೆ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಸೊಸೈಟಿಯ ದಾಖಲೆಯಲ್ಲಿ ಅವ್ವನ ಹೆಸರು ನಾಮಿನಿ ಎಂದು ಇತ್ತು. ಅಷ್ಟಿದ್ದರೆ ಮನೆ ಅವಳದಾಯಿತು ಎಂದೇ ನಾವು ತಿಳಿದಿದ್ದೆವು. ನಾಮಿನಿ ಎಂದರೆ ಮಾಲೀಕರಲ್ಲ. ಹಕ್ಕು ಎಲ್ಲ ವಾರಸುದಾರರಿಗೂ ಇರುತ್ತದೆ. ನಾನೂ ತಮ್ಮನೂ ನಮ್ಮ ಪಾಲನ್ನು ಅವ್ವನಿಗೆ ಬಿಟ್ಟುಕೊಟ್ಟು ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಸಿದ ಮೇಲೆಯೇ ಮಾರಾಟದ ದಾರಿ ಸರಾಗವಾದದ್ದು. ನಿಮ್ಮ ನಿಮ್ಮ ಮನೆಗಳಲ್ಲಿ ಶೇರ್ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ವಾರಸುದಾರರು ಯಾರು ಎಂದು ಇವತ್ತೇ ರಾತ್ರಿ ನೋಡಿಕೊಳ್ಳಿ. ದುಃಖದ ಹೊತ್ತಿನಲ್ಲಿ ಹುಡುಕುವ ಕೆಲಸ ಅದಲ್ಲ.

ಮನೆ ಕೊಂಡವರು ಅದೇ ಊರಿನಲ್ಲಿ ಬಾಡಿಗೆಗಿದ್ದ ಮರಾಠಿ ದಂಪತಿ. ಆಕೆ ಶಾಲೆಯಲ್ಲಿ ಶಿಕ್ಷಕಿ, ಅವರದೊಂದು ನಾಲ್ಕು ವರ್ಷದ ಮಗ. ಮನೆಯನ್ನು ಆಕೆಯ ಹೆಸರಿನಲ್ಲೇ ಕೊಂಡರು. ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್‌ನಿಂದ ಹೆಣ್ಣುಮಕ್ಕಳ ಹೆಸರಿನಲ್ಲಿ ವಾಸದ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರಷ್ಟು ರಿಯಾಯಿತಿ ಇದೆ. ಆ ರಿಯಾಯಿತಿಗಾಗಿಯೇ ಇರಲಿ, ಬಾಗಿಲ ಮೇಲೆ ಆಕೆಯ ಹೆಸರು ಬರುತ್ತದೆ ಎಂದು ಅವ್ವನಿಗೆ ತುಂಬಾ ಖುಷಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ಮನೆಯ ಹಿಂದಿನ ಕೋಣೆಗೆ ಒಂದು ಪಶ್ಚಿಮದ ಗೋಡೆ ಇದೆ. ಮುಂಬಯಿ ಕಡೆ ಮಳೆ ಹೊಡೆಯುವುದು ಆ ದಿಕ್ಕಿನಿಂದಲೇ ಎಂದು ನಿಮಗೆ ಗೊತ್ತು. ಜುಲೈ ಬಂತೆಂದರೆ ಆ ಗೋಡೆಯ ಮೇಲೆ, ಕಿಟಕಿಯ ಕೆಳಗೆ, ಅಂಗೈಯಷ್ಟು ಕಲೆ ಕಾಣಿಸಿಕೊಳ್ಳುತ್ತಿತ್ತು. ಆಗಸ್ಟ್ ಹೊತ್ತಿಗೆ ಅದು ಚಾಪೆಯಷ್ಟು ದೊಡ್ಡದಾಗಿ, ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ದೀಪಾವಳಿ ಹೊತ್ತಿಗೆ ಒಣಗಿ ಹೋಗುತ್ತಿತ್ತು. ಅಪ್ಪಾಜಿ ಪ್ರತಿ ಮೇ ತಿಂಗಳಲ್ಲಿ ಅದನ್ನು ಕೆರೆದು, ಪುಟ್ಟಿ ಹಚ್ಚಿ, ತಾವೇ ಬಣ್ಣ ಬಳಿಯುತ್ತಿದ್ದರು.

ನಾವು ಮನೆ ತೋರಿಸಿದ್ದು ಫೆಬ್ರುವರಿ, ಮಾರ್ಚ್‌ನಲ್ಲಿ. ಗೋಡೆ ಒಣಗಿತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬ್ರೋಕರ್‌ಗೆ ಮಾತ್ರ ನಾನೊಮ್ಮೆ ಹೇಳಿದ್ದೆ. ಆತ ನಕ್ಕು, “ಮೇಡಂ, ಒಂದು ಕೋಟ್ ಪೇಂಟ್ ಹೊಡೆಸಿ. ಮಳೆಗಾಲದಲ್ಲಿ ಡೊಂಬಿವಲಿಯ ಯಾವ ಮನೆ ಸೋರುವುದಿಲ್ಲ ಹೇಳಿ?” ಎಂದ. ಅವನ ಮಾತು ನನಗೆ ಅನುಕೂಲವಾಗಿತ್ತು. ನಾನು ಸುಮ್ಮನಾದೆ.

ಟೋಕನ್ ಕೊಟ್ಟ ಮೇಲೆ ಆ ದಂಪತಿ ಟೇಪು ಹಿಡಿದು ಅಳತೆಗೆ ಬಂದರು. ಹಿಂದಿನ ಕೋಣೆಯಲ್ಲಿ ಆಕೆ ಅದೇ ಗೋಡೆಗೆ ಟೇಪು ಹಿಡಿದು, “ಇಲ್ಲಿ ನಮ್ಮ ಮಗನ ಮಂಚ ಬರುತ್ತದೆ. ಕಿಟಕಿಯ ಗಾಳಿ ಚೆನ್ನಾಗಿದೆ” ಎಂದಳು. ಹುಡುಗ ಆ ಗೋಡೆಗೆ ಬೆನ್ನು ಕೊಟ್ಟು ನಿಂತು ಅಮ್ಮನಿಗೆ ಅಳತೆ ತೋರಿಸುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬಹುದಿತ್ತು. “ಚಹಾ ಕುಡೀತೀರಾ?” ಎಂದು ಕೇಳಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ಪ್ರಾಜೆಕ್ಟನ್ನು ಇನ್ನೊಂದು ತಂಡಕ್ಕೆ ಒಪ್ಪಿಸುವಾಗ, ಅದು ಹೇಗೆ ನಡೆಯುತ್ತದೆ ಎನ್ನುವುದರ ಜೊತೆಗೆ ಎಲ್ಲಿ ಕೆಡುತ್ತದೆ ಎನ್ನುವುದನ್ನೂ ಬರೆದುಕೊಡಬೇಕು. ‘ಗೊತ್ತಿರುವ ದೋಷಗಳು’ ಎಂದೇ ಒಂದು ಪಟ್ಟಿ ಇರುತ್ತದೆ. ಯಾರಾದರೂ ಆ ಪಟ್ಟಿಯನ್ನು ಮುಚ್ಚಿಟ್ಟು ಹೋದರೆ, ಮೂರು ತಿಂಗಳ ನಂತರ ನಡುರಾತ್ರಿ ಎದ್ದು ಅದನ್ನು ಸರಿಮಾಡುವವಳು ನಾನು. ಹಾಗೆ ಮುಚ್ಚಿಟ್ಟು ಹೋದವರನ್ನು ಬಾಯಿತುಂಬ ಬೈದವಳೂ ನಾನೇ. ಈಗ ಅದನ್ನೇ ಒಂದು ಮಗುವಿನ ಮಂಚದ ಹಿಂದೆ ಬಿಟ್ಟು ಹೊರಟಿದ್ದೆ.

ಕಾನೂನು ಏನು ಹೇಳುತ್ತದೆ ಎಂದು ಆ ರಾತ್ರಿಯೇ ನೋಡಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ, ಕೊಳ್ಳುವವರ ಹೊಣೆಗಳನ್ನು ಹೇಳುತ್ತದೆ. ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಅವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವಿದ್ದರೆ ಅದನ್ನು ಮಾರುವವರು ತಿಳಿಸಬೇಕು ಎನ್ನುವುದೇ ಅದರಲ್ಲಿ ಮೊದಲನೆಯದು. ಮಾರ್ಚ್‌ನಲ್ಲಿ ಒಣಗಿದ ಗೋಡೆಯನ್ನು ಎಷ್ಟು ಎಚ್ಚರದಿಂದ ನೋಡಿದರೂ ಜುಲೈ ಕಾಣುವುದಿಲ್ಲ. ಒಪ್ಪಂದವಾದ ಮೇಲೆ ಮನೆ ಒಪ್ಪಿಸುವ ದಿನದವರೆಗೆ, ವಿವೇಕವುಳ್ಳ ಮಾಲೀಕರು ಜೋಪಾನ ಮಾಡುವಷ್ಟೇ ಜೋಪಾನವಾಗಿ ಮನೆಯನ್ನೂ ಅದರ ಕಾಗದಗಳನ್ನೂ ನೋಡಿಕೊಳ್ಳಬೇಕು ಎಂದೂ ಅದೇ ಕಲಮಿನಲ್ಲಿದೆ. ಬ್ರೋಕರ್ ಹೇಳದ ಮಾತು ಸುಮಾರು 140 ವರ್ಷಗಳಿಂದ ಪುಸ್ತಕದಲ್ಲಿದೆ.

ಬೆಳಿಗ್ಗೆ ಏಳುತ್ತಲೇ ಆಕೆಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಇವರ ಹತ್ತಿರ ಮಾತಾಡಿ ಹೇಳ್ತೀನಿ” ಎಂದು ಇಟ್ಟಳು. ನನಗೆ ಎದೆ ಹಗುರವಾಯಿತು. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯೂ ಇತ್ತು ಎಂದಿಟ್ಟುಕೊಳ್ಳಿ. ಆಮೇಲೆ ಅವ್ವನಿಗೆ ಹೇಳಿದೆ.

ಅವ್ವ ಒಲೆ ಆರಿಸಿದಳು. “ಮನಿ ನಂದು. ಸಹಿ ನಂದು. ಮಾತು ಮಾತ್ರ ನಿಂದೇನು?” ಎಂದಳು. ನನ್ನ ಬಾಯಿ ಕಟ್ಟಿತು. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳು ನಾನೇ. ಮನೆ ಅವಳದು, ಅದರಿಂದ ಬರುವ ಹಣ ಅವಳ ಮುಂದಿನ ದಿನಗಳಿಗೆ. ಬೆಲೆ ಇಳಿದರೆ ಇಳಿಯುವುದು ಅವಳ ಹಣ. ಸತ್ಯ ಹೇಳುವ ಆತುರದಲ್ಲಿ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. “ಇಷ್ಟ ವರ್ಷ ಈ ಮನಿ ನಮ್ಮನ್ನ ಸಾಕೇತಿ. ಹೋಗೂ ಮುಂದ ಅದರ ಹೆಸರ ಕೆಡಸಿದಿ. ನಿಮ್ಮಪ್ಪ ಏನ ತಿಳ್ಕೋತಿದ್ರು?” ಎಂದು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿ ಕುಳಿತಿರುವ ನನ್ನ ವಯಸ್ಸಿನವರಿಗೆ ಈ ಮಾತು ಹೇಳಬೇಕು. ಅಪ್ಪ, ಅಮ್ಮನ ವ್ಯವಹಾರಗಳನ್ನು ನಾವು ಮೊಬೈಲಿನಲ್ಲಿ ಚಕಚಕ ಮಾಡಿಕೊಡುತ್ತೇವೆ. ಬಿಲ್ಲು ತುಂಬುತ್ತೇವೆ, ಫಾರ್ಮು ತುಂಬುತ್ತೇವೆ. ಹಾಗೆ ಮಾಡುತ್ತಾ ಮಾಡುತ್ತಾ ತೀರ್ಮಾನವನ್ನೂ ನಾವೇ ಮಾಡಿಬಿಡುತ್ತೇವೆ. ನಾನು ಹೇಳಿದ್ದು ತಪ್ಪಲ್ಲ. ಅವ್ವನನ್ನು ಬಿಟ್ಟು ಹೇಳಿದ್ದು ತಪ್ಪು.

ಮೂರನೆಯ ದಿನ ಅವ್ವ ತಾನೇ ಅಪ್ಪಾಜಿಯ ಕಪಾಟು ತೆರೆದಳು. ಅದನ್ನು ಖಾಲಿ ಮಾಡುವ ಕೆಲಸವನ್ನು ಇಬ್ಬರೂ ಮುಂದೂಡುತ್ತಾ ಬಂದಿದ್ದೆವು. ಬ್ಯಾಂಕಿನವರಲ್ಲವೇ, ಎಲ್ಲಕ್ಕೂ ಒಂದೊಂದು ಫೈಲು. ತೆರಿಗೆ, ಸಾಲ, ನಮ್ಮ ಶಾಲೆಯ ಫೀಸು. ತಳದಲ್ಲಿ ಒಂದು ಹಸಿರು ಫೈಲಿನ ಮೇಲೆ ಕನ್ನಡದಲ್ಲಿ ‘ಹಿಂದಿನ ಗೋಡೆ’ ಎಂದು ಬರೆದಿತ್ತು. ಒಳಗೆ ಸೊಸೈಟಿಗೆ ಬರೆದ ಪತ್ರಗಳ ಪ್ರತಿಗಳು. ಹೊರಗೋಡೆಯ ಪ್ಲಾಸ್ಟರ್ ಬಿರುಕು ಬಿಟ್ಟಿದೆ, ದಯವಿಟ್ಟು ದುರಸ್ತಿ ಮಾಡಿಸಿ ಎಂದು ಮತ್ತೆ ಮತ್ತೆ ಬರೆದಿದ್ದರು. ಕೊನೆಯಲ್ಲಿ ಗೀಟು ಹಾಕಿದ ಹಾಳೆಯಲ್ಲಿ ವರ್ಷವಾರು ಟಿಪ್ಪಣಿ. ಕಲೆ ಮೊದಲು ಕಂಡ ದಿನ, ಎಷ್ಟು ಗೇಣು ಅಗಲ, ಯಾವಾಗ ಒಣಗಿತು. 26-7-2005ರ ಎದುರಿಗೆ ‘ಗೋಡೆ ಪೂರ್ತಿ ಒದ್ದೆ’ ಎಂದಷ್ಟೇ ಇತ್ತು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಲೋಕಲ್ ಗಾಡಿಗಳು ನಿಂತು, ಅಪ್ಪಾಜಿ ಮನೆ ಸೇರಿದ್ದು ಮರುದಿನ ಸಂಜೆ, ಸೊಂಟದವರೆಗೆ ಕೆಸರು ಮೆತ್ತಿಕೊಂಡು. ಬಂದವರು ಗೋಡೆಯನ್ನೂ ನೋಡಿದ್ದರು.

ಅವ್ವ ಆ ಹಾಳೆಯನ್ನು ಎರಡು ಸಲ ಓದಿದಳು. “ನಂಗೊಮ್ಮೆನೂ ಹೇಳಲಿಲ್ಲ ನೋಡು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವ್ರು ಮುಚ್ಚಿಟ್ಟಿರಲಿಲ್ಲ. ಬರದ ಇಟ್ಟಾರ. ಆ ಹುಡುಗೀನ ಕರಿ, ನಾನ ಹೇಳ್ತೀನಿ” ಎಂದಳು.

ಭಾನುವಾರ ಆ ದಂಪತಿ ಬಂದರು. ಅವ್ವ ಗೋಡೆಯ ಮುಂದೆ ಕುರ್ಚಿ ಹಾಕಿಸಿ, ಫೈಲು ಬಿಡಿಸಿ, ತನ್ನ ಧಾರವಾಡದ ರಾಗದ ಮರಾಠಿಯಲ್ಲಿ ಎಲ್ಲ ಹೇಳಿದಳು. ನಾನು ಗೋಡೆಯೊಂದನ್ನೇ ಹೇಳಿದ್ದೆ. ಅವಳು ನನಗೂ ಗೊತ್ತಿಲ್ಲದ್ದನ್ನು ಸೇರಿಸಿದಳು. ಅಡುಗೆಮನೆಯ ಸಿಂಕಿನ ಪೈಪು ಎರಡು ವರ್ಷಕ್ಕೊಮ್ಮೆ ಕಟ್ಟುತ್ತದೆ, ಗ್ಯಾಲರಿಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕೂರುತ್ತದೆ, ಅಟ್ಟದ ಮೂಲೆಯಲ್ಲಿ ಇಲಿ ಬರುವ ಒಂದು ಸಂದು ಇದೆ. ನನಗೋ, ಇನ್ನು ಇವರು ಎದ್ದು ಹೋಗುವುದೇ ಸರಿ ಎನಿಸಿತು. ಆಕೆ ಮಾತ್ರ ಎಲ್ಲ ಕೇಳಿಸಿಕೊಂಡು, “ಕಾಕು, ನಾವು ನೋಡಿದ ಬೇರೆ ಯಾವ ಮನೆಯಲ್ಲೂ ಯಾರೂ ಹೀಗೆ ಹೇಳಲಿಲ್ಲ” ಎಂದಳು. ಗಂಡ ಲೆಕ್ಕದ ಮನುಷ್ಯ, ಒಂದು ಲಕ್ಷ ಇಳಿಸಿ ಎಂದ. ಅದೂ ನ್ಯಾಯವೇ. ಅವ್ವ ಚೌಕಾಶಿಗೆ ಕುಳಿತಳು. ಕೊನೆಗೆ ಹೊರಗಿನ ದುರಸ್ತಿ ನಮ್ಮ ಖರ್ಚಿನಲ್ಲಿ, ಬೆಲೆಯಲ್ಲಿ ನಲವತ್ತು ಸಾವಿರ ಕಡಿಮೆ ಎಂದು ತೀರ್ಮಾನವಾಯಿತು. ಬ್ರೋಕರ್ ನನ್ನ ಜೊತೆ ಮಾತು ಬಿಟ್ಟ. ನನಗೇನೂ ಬೇಜಾರಾಗಲಿಲ್ಲ.

ಮಹಾರಾಷ್ಟ್ರದ ಗೃಹ ಸೊಸೈಟಿಗಳ ಮಾದರಿ ಬೈಲಾಗಳ ಪ್ರಕಾರ ಹೊರಗೋಡೆಯ ದುರಸ್ತಿ, ಮಳೆನೀರಿನ ಲೀಕೇಜ್ ಸೊಸೈಟಿಯ ಹೊಣೆ. ಮನೆಯೊಳಗಿನ ಟಾಯ್ಲೆಟ್, ಸಿಂಕ್ ಸೋರಿದರೆ ಅದು ಸದಸ್ಯರ ಹೊಣೆ. ಆದರೆ ಕಮಿಟಿಯವರು “ಮಳೆಗಾಲ ಮುಗಿಯಲಿ, ನೋಡೋಣ” ಎಂದರು. ಈ ಕಡೆ ಮುಂಗಾರು ಬರುವುದು ಜೂನ್ 11ರ ಸುಮಾರಿಗೆ. ಮನೆ ಒಪ್ಪಿಸುವುದು ಮೇ 31ಕ್ಕೆ. ಕಾಯುವಂತಿರಲಿಲ್ಲ. ಅವರಿಂದ ಲಿಖಿತ ಒಪ್ಪಿಗೆ ಮಾತ್ರ ತೆಗೆದುಕೊಂಡು ನಾವೇ ಕೆಲಸ ಮಾಡಿಸಿದೆವು. ಹಗ್ಗದ ಮೇಲೆ ಇಳಿದ ಕೆಲಸಗಾರರು ಕಿಟಕಿಯ ಸಜ್ಜೆಯ ಕೆಳಗೆ ಉದ್ದಕ್ಕೂ ಬಿರುಕು ತೋರಿಸಿದರು. ಅದನ್ನು ಕೊರೆದು ಅಗಲ ಮಾಡಿ, ಪಾಲಿಮರ್ ಸೇರಿಸಿದ ಗಾರೆ ತುಂಬಿ, ಒಣಗಿದ ಮೇಲೆ ನೀರು ತಡೆಯುವ ಲೇಪ ಹಚ್ಚಿದರು. ನಲವತ್ತಾರು ಸಾವಿರ ಆಯಿತು. ನೀರು ಬರುವುದು ಹೊರಗಿನಿಂದ. ನಾವು ಇಷ್ಟು ವರ್ಷ ಬಳಿದದ್ದು ಒಳಗಿನಿಂದ. ಒಳಗಿನ ಬಣ್ಣ ಕಲೆಯನ್ನು ಮುಚ್ಚುತ್ತದೆ, ನೀರನ್ನು ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥಾ ಗೋಡೆ ಇದ್ದರೆ ಮೇ ತಿಂಗಳೊಳಗೆ ಹೊರಗಿನಿಂದ ನೋಡಿಸಿ.

ಆಮೇಲೆ ಶುರುವಾದದ್ದು ಮನೆಯನ್ನು ಅಣಿಗೊಳಿಸುವ ಕೆಲಸ. ನಾನು ಕಲಿತದ್ದನ್ನು ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು.

ಮೊದಲನೆಯದು, ಏನು ಬಿಟ್ಟು ಹೋಗುತ್ತೇವೆ, ಏನು ಒಯ್ಯುತ್ತೇವೆ ಎನ್ನುವುದು ಬರಹದಲ್ಲಿರಲಿ. ಲಕ್ಷ ಲಕ್ಷದ ವ್ಯವಹಾರ ಸುಗಮವಾಗಿ ಮುಗಿಸಿದವರು ಕೊನೆಗೆ ಒಂದು ಸೀಲಿಂಗ್ ಫ್ಯಾನಿಗೆ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ನಾವು ಫ್ಯಾನು, ಗೀಸರ್, ಟ್ಯೂಬ್‌ಲೈಟು, ಪರದೆಯ ಕಂಬಿ ಎಲ್ಲ ಬಿಟ್ಟೆವು. ಬಲ್ಬು ಬಿಚ್ಚಿಕೊಂಡು ಹೋಗಬೇಡಿ. ಹೊಸಬರು ಮೊದಲ ರಾತ್ರಿ ಕತ್ತಲಲ್ಲಿ ತಡಕಾಡಬಾರದು.

ಎರಡನೆಯದು, ಬಾಕಿಗಳು. ಒಪ್ಪಿಸುವ ದಿನ ಕೊಂಡವರ ಎದುರಿಗೇ ವಿದ್ಯುತ್ ಮತ್ತು ಗ್ಯಾಸ್ ಮೀಟರಿನ ಫೋಟೋ ತೆಗೆದುಕೊಂಡು, ಆ ದಿನದವರೆಗಿನ ಹಣ ನಾವೇ ತುಂಬಿದೆವು. ಮಹಾನಗರಪಾಲಿಕೆಯ ತೆರಿಗೆ ರಸೀದಿ, ಸೊಸೈಟಿಯ ಬಾಕಿ ಇಲ್ಲದ ಪತ್ರ, ಶೇರ್ ಸರ್ಟಿಫಿಕೇಟ್, 1991ರ ಮೂಲ ಒಪ್ಪಂದ ಎಲ್ಲವನ್ನೂ ಒಂದು ಪಟ್ಟಿ ಮಾಡಿ, ಸಹಿ ಪಡೆದು ಕೊಟ್ಟೆವು. ಸೊಸೈಟಿಗಳು ವರ್ಗಾವಣೆ ಪ್ರೀಮಿಯಂ ಎಂದು ಮನಸ್ಸಿಗೆ ಬಂದಷ್ಟು ಕೇಳುವಂತಿಲ್ಲ. ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ಅದಕ್ಕೆ 25,000 ರೂಪಾಯಿಯ ಮಿತಿ ಇದೆ. ಇದನ್ನು ನೆನಪಿಟ್ಟುಕೊಳ್ಳಿ.

ಮೂರನೆಯದು, ಬೀಗದ ಕೈಗಳು. ನಮ್ಮ ಮನೆಯಲ್ಲಿ ಹದಿನೇಳು ಸಿಕ್ಕವು. ಒಂದೊಂದನ್ನೂ ಹಾಕಿ ನೋಡಿದೆ. ಆರು ಯಾವುದಕ್ಕೂ ಹೊಂದಲಿಲ್ಲ. ಉಳಿದವಕ್ಕೆ ಚೀಟಿ ಕಟ್ಟಿದೆ. ಎದುರು ಮನೆಯ ಮಾವಶಿಯ ಹತ್ತಿರ ನಮ್ಮದೊಂದು ಕೀ ಮೂವತ್ತು ವರ್ಷದಿಂದ ಇತ್ತು. ಅದನ್ನು ಅವರಿಂದ ವಾಪಸು ಕೇಳಬೇಕಾದಾಗ ನನಗೆ ಮಾತು ಹೊರಡಲಿಲ್ಲ. ಅವರೇ ತಂದು ಅವ್ವನ ಕೈಯಲ್ಲಿಟ್ಟು ಹೋದರು.

ನಾಲ್ಕನೆಯದು ಸ್ವಚ್ಛತೆ. ನಾನು ಕ್ಲೀನಿಂಗ್ ಕಂಪನಿಗೆ ಫೋನ್ ಮಾಡುವವಳಿದ್ದೆ. ಅವ್ವ ಒಪ್ಪಲಿಲ್ಲ. “ಕಸಾ ಹೊಡೀದ ಮನಿ ಬಿಡಬಾರ್ದವಾ. ಬರೋವ್ರು ಮೊದ್ಲು ನೋಡೋದು ನಮ್ಮ ಮೂಲಿ” ಎಂದಳು. ಈ ಸಲ ನಾನು ಕೇಳಿಯೇ ಮಾಡಿದೆ. ಮೇಲೆ ಹತ್ತುವ ಕೆಲಸ ನನ್ನದು, ಕೆಳಗೆ ಕುಳಿತು ಮಾಡುವ ಕೆಲಸ ಅವಳದು. ಕ್ಯಾಲೆಂಡರಿನ ಮೊಳೆ, ದೇವರ ಫೋಟೋದ ಮೊಳೆ ಕಿತ್ತು ತೂತುಗಳನ್ನು ಪುಟ್ಟಿಯಿಂದ ಮುಚ್ಚಿದೆವು. ಬಾಗಿಲ ಚೌಕಟ್ಟಿನ ಮೇಲೆ ನನ್ನ, ತಮ್ಮನ ಎತ್ತರದ ಪೆನ್ಸಿಲ್ ಗೀಟುಗಳಿದ್ದವು. ಅದನ್ನು ಒರೆಸುವುದೋ ಬಿಡುವುದೋ ಎಂದು ಬಹಳ ಹೊತ್ತು ಯೋಚಿಸಿದೆ. ಫೋಟೋ ತೆಗೆದುಕೊಂಡು ಒರೆಸಿದೆ. ಆ ಚೌಕಟ್ಟಿನ ಮೇಲೆ ಇನ್ನೊಂದು ಮಗು ಬೆಳೆಯಬೇಕು.

ಐದನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು. ಒಂದು ನೋಟ್‌ಬುಕ್. ನಾನು ಪ್ರಶ್ನೆ ಕೇಳುವುದು, ಅವ್ವ ಹೇಳುವುದು, ನಾನು ಬರೆಯುವುದು. ಎಂ.ಟೆಕ್. ಓದಿದ ನನಗೆ ನಮ್ಮ ಮನೆಯ ನೀರಿನ ಮೇನ್ ವಾಲ್ವ್ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅವ್ವನಿಗೆ ಕಣ್ಣುಮುಚ್ಚಿದರೂ ಗೊತ್ತು. ನೀರು ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾವ ನಲ್ಲಿಗೆ ಮೊದಲು ಬರುತ್ತದೆ, ಯಾವ ಸ್ವಿಚ್ಚು ಯಾವ ದೀಪಕ್ಕೆ, ಫ್ಯೂಸ್ ಹೋದರೆ ಕೆಳಗೆ ಎಷ್ಟನೆಯ ಮೀಟರ್ ನಮ್ಮದು, ಯಾವ ಪ್ಲಂಬರ್ ಕರೆದರೆ ಬರುತ್ತಾನೆ, ಹಾಲಿನವನ ಲೆಕ್ಕ ತಿಂಗಳ ಯಾವ ದಿನ. ಸ್ವಿಚ್ಚುಗಳ ಕೆಳಗೆ ಸಣ್ಣ ಚೀಟಿ ಅಂಟಿಸಿದೆ. ನೋಟ್‌ಬುಕ್ಕಿನ ಕೊನೆಯಲ್ಲಿ ‘ಗೊತ್ತಿರುವ ದೋಷಗಳು’ ಎಂದು ತಲೆಬರಹ ಹಾಕಿ ಗೋಡೆ, ಪೈಪು, ಬಾಗಿಲು, ಇಲಿ ಎಲ್ಲ ಬರೆದೆ. ಹಸಿರು ಫೈಲಿನ ಝೆರಾಕ್ಸ್ ಸೇರಿಸಿದೆ. ಮೂಲ ಫೈಲು ಅವ್ವ ತನ್ನ ಹತ್ತಿರ ಇಟ್ಟುಕೊಂಡಳು.

ಆ ನೋಟ್‌ಬುಕ್ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಆ ನಾಲ್ಕು ಸಂಜೆಗಳಲ್ಲಿ ಅವ್ವ ಮನೆಯ ಒಂದೊಂದು ಮೂಲೆಯನ್ನೂ ನೆನೆದು ನೆನೆದು ಮಾತಾಡಿದಳು. ಅಪ್ಪಾಜಿ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮನೆ ಬಿಡುವ ದುಃಖಕ್ಕೆ ಕೈಗೊಂದು ಕೆಲಸ ಸಿಕ್ಕಿತ್ತು ಎನಿಸುತ್ತದೆ.

ಮೇ 31ರಂದು ಸಾಮಾನೆಲ್ಲ ಹೋಗಿ ಮನೆ ಖಾಲಿಯಾಯಿತು. ಮಾತಾಡಿದರೆ ದನಿ ತಿರುಗಿ ಕೇಳುತ್ತಿತ್ತು. ಅವ್ವ ನೆಲ ಒರೆಸಿ, ಹೊಸ್ತಿಲಿಗೆ ಅರಿಶಿನ, ಕುಂಕುಮ ಹಚ್ಚಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಡಬ್ಬಿಯಲ್ಲಿ ಅಕ್ಕಿ, ಒಂದು ಬೆಲ್ಲದ ಅಚ್ಚು, ಉಪ್ಪಿನ ಪಾಕೀಟು ಇಟ್ಟಳು. “ಖಾಲಿ ಮನಿ ಕೊಡಬಾರ್ದು” ಎನ್ನುವುದು ಅವಳ ಲೆಕ್ಕ. ಗ್ಯಾಲರಿಯ ತುಳಸಿಯನ್ನು ಏನು ಮಾಡುವುದು ಎಂದು ಆಕೆಯನ್ನು ಮೊದಲೇ ಕೇಳಿದ್ದೆವು. ಬಿಟ್ಟು ಹೋಗಿ, ನೀರು ಹಾಕುತ್ತೇನೆ ಎಂದಿದ್ದಳು. ಒಂದು ಕುಡಿ ಮಾತ್ರ ನಾವು ತಂದೆವು. ದಂಪತಿ ಬಂದಾಗ ಅವ್ವ ಕೀಗಳನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಆಕೆಯ ಉಡಿಯಲ್ಲಿ ಹಾಕಿದಳು. ಮೆಟ್ಟಿಲು ಇಳಿಯುವಾಗ ಒಂದೊಂದು ಮಹಡಿಯಲ್ಲೂ ನಿಂತು ಅಕ್ಕಪಕ್ಕದವರ ಬಾಗಿಲು ತಟ್ಟಿ ಹೇಳಿ ಬಂದಳು. ಕೆಳಗೆ ಬರಲು ಮುಕ್ಕಾಲು ಗಂಟೆ ಆಯಿತು. ನಾನು ಅವಸರ ಮಾಡಲಿಲ್ಲ.

ಜುಲೈ ಎರಡನೇ ವಾರ ಎರಡು ದಿನ ಬಿಡದೆ ಮಳೆ ಹೊಡೆಯಿತು. ನಾನು ಕಚೇರಿಯಲ್ಲಿ ಕುಳಿತು ಗೋಡೆಯನ್ನೇ ನೆನೆಯುತ್ತಿದ್ದೆ. ಮೂರನೆಯ ದಿನ ಆಕೆಯಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕಿಟಕಿಯ ಎಡಗಡೆ ಕೆಳಮೂಲೆಯಲ್ಲಿ ಒಂದು ಕಲೆ. ಚಿಕ್ಕದು, ಅಂಗೈಗಿಂತ ಚಿಕ್ಕದು. ಆದರೆ ಕಲೆಯೇ. ಗೋಡೆ ಪೂರ್ತಿ ವಾಸಿಯಾಗಿರಲಿಲ್ಲ. ನನಗೆ ನಾಚಿಕೆಯಾಗಿ ತಕ್ಷಣ ಫೋನ್ ಮಾಡಿದೆ. ಆಕೆ, “ಅಯ್ಯೋ, ದೂರು ಹೇಳಲು ಕಳಿಸಿದ್ದಲ್ಲ. ಕಾಕುಗೆ ತೋರಿಸಿ. ಮೊದಲೇ ಗೊತ್ತಿತ್ತಲ್ಲ, ಮಂಚ ಆ ಕಡೆ ಗೋಡೆಗೆ ಹಾಕಿದ್ದೇವೆ. ಮಳೆ ನಿಂತ ಮೇಲೆ ಸೊಸೈಟಿಯವರಿಗೆ ಕಾಕಾ ಬರೆದ ಪತ್ರಗಳ ಝೆರಾಕ್ಸ್ ಸೇರಿಸಿ ಮತ್ತೊಂದು ಪತ್ರ ಕೊಡುತ್ತೇವೆ” ಎಂದಳು.

ಅವ್ವನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದಳು. “ಮೊದ್ಲಿನಕಿಂತ ಬಾಳ ಕಡಿಮಿ ಆಗೇತಿ” ಎಂದಳು. ಆಮೇಲೆ ಒಳಗೆ ಹೋಗಿ ಹಸಿರು ಫೈಲು ತಂದು, ಅಪ್ಪಾಜಿಯ ಹಾಳೆಯಲ್ಲಿ ಕೊನೆಯ ಗೀಟಿನ ಕೆಳಗೆ ಆ ದಿನದ ತಾರೀಖು ಬರೆಸಿದಳು. ಇನ್ನು ಆ ಗೋಡೆ ನಮ್ಮದಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ಬರೆದೆ.

ಅಕ್ಕಂದಿರೆ, ನಮ್ಮಲ್ಲಿ ಬಹಳ ಜನ ಊರಿನ ಮನೆ ಬಿಟ್ಟು ಬಂದವರು. ಇಲ್ಲಿಯ ಮನೆಗಳನ್ನೂ ಒಂದು ದಿನ ಮಾರುವವರು, ಬದಲಿಸುವವರು. ಮಾರಿದ ಮನೆಯಲ್ಲಿ ನಮ್ಮ ಹೆಸರಿನ ಫಲಕ ಉಳಿಯುವುದಿಲ್ಲ. ನಾವು ಹೇಳಿ ಹೋದದ್ದು, ಹೇಳದೆ ಹೋದದ್ದು ಎರಡೂ ಉಳಿಯುತ್ತವೆ. ಹೇಳಿ ಹೋಗಿ. ಹೇಳುವ ಮೊದಲು ಮನೆ ಯಾರದೋ ಅವರನ್ನು ಒಂದು ಮಾತು ಕೇಳಿ. ಅದು ನನ್ನ ತಪ್ಪಿನಿಂದ ಕಲಿತದ್ದು, ನಿಮಗೆ ಪುಕ್ಕಟೆ.

ಅವ್ವ ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಈ ಭಾಷಣ ಮಾಡಬಹುದೇ ಎಂದು ಈ ಸಲ ಅವಳನ್ನು ಮೊದಲೇ ಕೇಳಿಕೊಂಡೇ ಬಂದಿದ್ದೇನೆ.